1380 ಕೋಟಿ ವರ್ಷ ಬಾಳುವ ಉತಾರ

ಇಂಗ್ಲೆಂಡಿನ ಸೌಥಾಂಪ್ಟನ್ ವಿಶ್ವವಿದ್ಯಾಲಯದವರು ನಾಣ್ಯದಗಲದ ಗಾಜಿನ ಬಿಲ್ಲೆಯೊಳಗೆ ಲೇಸರಿನಿಂದ 360 ಟೆರಾಬೈಟ್ ಮಾಹಿತಿ ಕೊರೆಯಬಹುದು ಎಂದು 2016ರಲ್ಲಿ ಸಾರಿದರು. 190 ಡಿಗ್ರಿ ಬಿಸಿಯಲ್ಲಿಟ್ಟರೂ ಅದು 1380 ಕೋಟಿ ವರ್ಷ ಬಾಳುತ್ತದಂತೆ. ಬಾಗಲಕೋಟೆಯ ಏಪ್ರಿಲ್ ಬಿಸಿಲನ್ನು ತಡೆದೀತು, ಅನುಮಾನವಿಲ್ಲ. ತೊಡಕಿರುವುದು ಲೆಕ್ಕದಲ್ಲಿ. ಇನ್ನು ಸುಮಾರು 500 ಕೋಟಿ ವರ್ಷಕ್ಕೆ ಸೂರ್ಯನೇ ಉಬ್ಬಿ ಭೂಮಿಯನ್ನು ಸುಡಲಿದ್ದಾನೆ. ಹೊಲದ ಉತಾರವನ್ನು, ಅಂದರೆ ಪಹಣಿಯನ್ನು, ಅದರಲ್ಲಿ ಕೊರೆದಿಟ್ಟರೆ ಅಲ್ಲಿಂದ ಮುಂದೆ ಉತಾರ ಇರುತ್ತದೆ, ಹೊಲ ಇರುವುದಿಲ್ಲ.

ನಮ್ಮವರಿಗೆ ಇದೇನೂ ಹೊಸದಲ್ಲ. ಆಲಮಟ್ಟಿಯ ಹಿನ್ನೀರು ಹಳೆಯ ಊರಿನ ಓಣಿಗಳನ್ನು ನುಂಗಿ ಜನ ನವನಗರಕ್ಕೆ ಬಂದ ಮೇಲೂ ಎಷ್ಟೋ ಮನೆಗಳ ಟ್ರಂಕಿನಲ್ಲಿ ನೀರಿನಡಿಯ ಹೊಲದ ಕಾಗದಗಳು ಮಡಚಿಕೊಂಡು ಕುಳಿತಿವೆ. ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸಿದರೆ ಅಂಥ ಕಾಗದಗಳು ಇನ್ನಷ್ಟು ಹೆಚ್ಚುತ್ತವೆ. ಗಾಜಿಗೆ ಗಿರಾಕಿ ಇಲ್ಲಿ ಸಿದ್ಧ.

ಇಂಥ ಕಾಗದದ ನಕಲು ಬೇಡಿ ಒಬ್ಬ ಹಿರಿಯರು ಕಚೇರಿಯೊಂದಕ್ಕೆ ಹೋದರು ಎಂದುಕೊಳ್ಳಿ. ಗುಮಾಸ್ತ ಡ್ರಾವರಿನಿಂದ ಸಿ.ಡಿ.ಯೊಂದನ್ನು ತೆಗೆದು ಅಂಗಿಯ ತುದಿಯಿಂದ ಒರೆಸುತ್ತಾನೆ. ಮೇಲೆ ಮಾರ್ಕರಿನಲ್ಲಿ ‘ಮುಳುಗಡೆ ಕಡತ, ಅಳಿಸಬಾರದು’ ಎಂದು ಬರೆದಿದೆ. ಅಂಚಿನಲ್ಲಿ ಹೊಳಪು ಸುಲಿದು, ಬೆಳಕಿಗೆ ಹಿಡಿದರೆ ಆಚೆಯ ಫ್ಯಾನು ಕಾಣುತ್ತದೆ.

‘ಕಾಕಾ, ನಿಮ್ಮ ದಾಖಲೆ ಭದ್ರವಾಗಿದೆ. ಆದರೆ ಇದನ್ನು ಹಾಕುವ ಗೂಡು ಹೊಸ ಕಂಪ್ಯೂಟರಿನಲ್ಲಿ ಇಲ್ಲ.’

‘ಕಾಗದದ ಪ್ರತಿ ಇತ್ತಲ್ಲ ಸಾಹೇಬರೇ?’

‘ಗಣಕೀಕರಣ ಆಯಿತಲ್ಲ, ರದ್ದಿಗೆ ಹಾಕಿದರು.’

ನಾರ್ವೆಯ ಸ್ವಾಲ್‌ಬಾರ್ಡ್‌ನಲ್ಲಿ 2020ರಲ್ಲಿ ಗಿಟ್‌ಹಬ್ ಕಂಪನಿಯವರು 21 ಟೆರಾಬೈಟ್ ತಂತ್ರಾಂಶವನ್ನು ಫಿಲ್ಮಿನ 186 ಸುರುಳಿಗಳಿಗೆ ಇಳಿಸಿ, ಹಳೆಯ ಕಲ್ಲಿದ್ದಲು ಗಣಿಯೊಳಗೆ ಸಾವಿರ ವರ್ಷಕ್ಕೆಂದು ಇಟ್ಟರು. ಓದುವುದು ಹೇಗೆಂಬ ಮಾರ್ಗದರ್ಶಿಯನ್ನೂ ಜೊತೆಗಿಟ್ಟರು. ಅಷ್ಟು ಬುದ್ಧಿ ಅವರಿಗಿತ್ತು. ಉಳಿದಂತೆ ದತ್ತಾಂಶ ಉಳಿಸುವುದು ಬಲು ಬೇಸರದ ಕೆಲಸ: ಕೆಲವು ವರ್ಷಕ್ಕೊಮ್ಮೆ ಹೊಸ ಡಿಸ್ಕಿಗೆ ನಕಲು ಮಾಡಬೇಕು, ಬಿಟ್‌ಗಳು ಕೆಟ್ಟಿಲ್ಲವೇ ಎಂದು ತಾಳೆ ನೋಡಬೇಕು, ಒಂದು ಪ್ರತಿಯನ್ನು ಬೇರೆ ಊರಿನಲ್ಲಿಡಬೇಕು. ಇದಕ್ಕೆ ಶಂಕುಸ್ಥಾಪನೆ ಇಲ್ಲ, ಫ್ಲೆಕ್ಸ್ ಇಲ್ಲ, ಕತ್ತರಿಸಲು ರಿಬ್ಬನ್ ಇಲ್ಲ. ಹಾಗಾಗಿ ಅನುದಾನವೂ ಇಲ್ಲ.

ಗಾಜಿನ ಬಿಲ್ಲೆ ಬಂದರೆ ನೋಡಿ! ಮೆರವಣಿಗೆ, ಡೊಳ್ಳು, ಗಣ್ಯರಿಗೆ ಇಳಕಲ್ ಸೀರೆಯ ಸನ್ಮಾನ. ವೇದಿಕೆಯಲ್ಲಿ ಬಿಲ್ಲೆಯನ್ನು ಎತ್ತಿ ತೋರಿಸುವವರಿಗೆ 1380 ಕೋಟಿ ವರ್ಷಕ್ಕಿಂತ ಮುಂದಿನ ಚುನಾವಣೆ ಹತ್ತಿರ. ಮರುದಿನ ಅದನ್ನು ಕಪಾಟಿನಲ್ಲಿಡಲು ಹೋದರೆ, ಕೀಲಿ ಜಮಖಂಡಿಗೆ ವರ್ಗವಾದ ಗುಮಾಸ್ತರ ಬಳಿ ಇರುತ್ತದೆ. ಕೀಲಿ ತರಿಸಲು ಪತ್ರ ಬರೆಯಲಾಗಿದೆ ಎಂಬ ಟಿಪ್ಪಣಿ ಕಡತದಲ್ಲಿ ಸೇರುತ್ತದೆ, ಕಡತ ಅದೇ ಕಪಾಟಿನಲ್ಲಿರುತ್ತದೆ.