ವಾಷಿಂಗ್ಟನ್ನಿಗೆ ವಾಷಿಂಗ್ಟನ್ನಿನ ಕಾಟ

ಅಮೆರಿಕದ ರಾಜಧಾನಿ, ಯಾವ ರಾಜ್ಯಕ್ಕೂ ಸೇರದ ವಾಷಿಂಗ್ಟನ್ ಡಿ.ಸಿ.ಯ ದಂಡಸಂಹಿತೆ 1901ರದ್ದು. ಅದಕ್ಕಿಂತ ಹಳೆಯ ಕಾನೂನುಗಳೂ ಅದರ ಹೊಟ್ಟೆಯೊಳಗೆ ಸೇರಿಕೊಂಡಿವೆ. ಒಂದು ಸೆಕ್ಷನ್ ಪ್ರಕಾರ ಊರ ಬೀದಿಗಳಲ್ಲಿ ಚೆಂಡಾಡುವಂತಿಲ್ಲ. ಕೋಲಿನಿಂದ ಚೆಂಡು, ಕಲ್ಲು ಅಥವಾ ಇನ್ನಾವುದೇ ವಸ್ತುವನ್ನು ಹೊಡೆದು ಹಾರಿಸುವ ಆಟವನ್ನೂ ಆಡುವಂತಿಲ್ಲ. ಅಮೆರಿಕಕ್ಕೆ ಹೋಗಿ ನೆಲೆಸಿದ ಕನ್ನಡಿಗರು ಮಕ್ಕಳಿಗೆ ಚಿನ್ನಿದಾಂಡು ಕಲಿಸುವ ಮುಂಚೆ ವಕೀಲರನ್ನು ಕಾಣುವುದು ಒಳ್ಳೆಯದು.

ಇದನ್ನು ರಿಪೇರಿ ಮಾಡೋಣವೆಂದು ಊರಿನವರು 2016ರಲ್ಲಿ ಒಂದು ಆಯೋಗ ಮಾಡಿದರು. ಪ್ರಾಸಿಕ್ಯೂಟರ್‌ಗಳು, ಆರೋಪಿಗಳ ಪರ ವಕೀಲರು, ಕಾನೂನು ಪ್ರಾಧ್ಯಾಪಕರು ವರ್ಷಗಟ್ಟಲೆ ಎದುರುಬದುರು ಕೂತು ಒಂದೊಂದು ಅಪರಾಧಕ್ಕೂ ವ್ಯಾಖ್ಯೆ ಬರೆದರು, ಶಿಕ್ಷೆ ಅಳೆದರು. 2022ರ ನವೆಂಬರಿನಲ್ಲಿ ಊರಿನ ಚುನಾಯಿತ ಸಭೆಯಾದ ಡಿ.ಸಿ. ಕೌನ್ಸಿಲ್ 13-0 ಮತಗಳಿಂದ ಹೊಸ ಸಂಹಿತೆಯನ್ನು ಒಪ್ಪಿತು. ಮೇಯರ್ ಮ್ಯೂರಿಯಲ್ ಬೌಸರ್ ಮಾತ್ರ, ಇದರಲ್ಲಿ ನೂರಕ್ಕೆ 95 ಭಾಗ ನನಗೂ ಒಪ್ಪಿಗೆ ಎಂದು ಹೇಳಿ ವೀಟೋ ಹಾಕಿದರು. ಒಪ್ಪಿಗೆಗೆ ಪಾಸ್ ಮಾರ್ಕು ಎಷ್ಟೆಂದು ಅವರು ತಿಳಿಸಲಿಲ್ಲ. ಕೌನ್ಸಿಲ್ 12-1ರಿಂದ ಆ ವೀಟೋವನ್ನೂ ತಳ್ಳಿಹಾಕಿತು.

ಬೇರೆ ಊರಾಗಿದ್ದರೆ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಡಿ.ಸಿ.ಯಲ್ಲಿ ದೇವರು ಕೊಟ್ಟರೂ ಪೂಜಾರಿ ಕೊಡುವುದಿಲ್ಲ. 1973ರ ಹೋಮ್ ರೂಲ್ ಕಾಯ್ದೆ ಊರಿಗೆ ಸ್ವಂತ ಆಡಳಿತ ಕೊಟ್ಟಿತು ಸರಿ, ಆದರೆ ಊರಿನ ಬಹುಮಟ್ಟಿಗೆ ಪ್ರತಿ ಕಾನೂನೂ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಹೊಸ್ತಿಲಲ್ಲಿ ಕಾದು ಕೂರಬೇಕು. ಸಾಮಾನ್ಯ ಕಾನೂನಾದರೆ 30 ದಿನ, ದಂಡಸಂಹಿತೆಯದ್ದಾದರೆ 60 ದಿನ. ಅಷ್ಟರೊಳಗೆ ಎರಡೂ ಸದನಗಳೂ ಅಧ್ಯಕ್ಷರೂ ಬೇಡವೆಂದರೆ ಅದರ ಕಥೆ ಮುಗಿಯಿತು.

2023ರ ಫೆಬ್ರವರಿಯಲ್ಲಿ ಜಾರ್ಜಿಯಾ ರಾಜ್ಯದ ಸದಸ್ಯ ಆಂಡ್ರ್ಯೂ ಕ್ಲೈಡ್ ಮಂಡಿಸಿದ, ಈ ಸಂಹಿತೆ ಬೇಡವೆನ್ನುವ ನಿರ್ಣಯವನ್ನು ಕಾಂಗ್ರೆಸ್ಸಿನ ಕೆಳಮನೆಯಾದ ಪ್ರತಿನಿಧಿ ಸಭೆ 250-173ರಿಂದ ಅಂಗೀಕರಿಸಿತು. ಡಿ.ಸಿ.ಯ ಸುಮಾರು 6.9 ಲಕ್ಷ ಜನ ಆ ಸಭೆಗೆ ಆರಿಸಿ ಕಳಿಸಿದ್ದು ಎಲೆನಾರ್ ಹೋಮ್ಸ್ ನಾರ್ಟನ್ ಒಬ್ಬರನ್ನೇ. ಅವರು ಭಾಷಣ ಮಾಡಬಹುದು, ಮತ ಹಾಕುವಂತಿಲ್ಲ. ವಯೋಮಿಂಗ್ ರಾಜ್ಯದ ಜನಸಂಖ್ಯೆ ಇದಕ್ಕಿಂತ ಕಡಿಮೆ. ಆದರೆ ಅಲ್ಲಿಂದ ಬಂದ ಸದಸ್ಯರು ಮತ್ತು ಇಬ್ಬರು ಸೆನೆಟರ್‌ಗಳು ಡಿ.ಸಿ.ಯ ಕಳ್ಳನಿಗೆ ಎಷ್ಟು ವರ್ಷ ಜೈಲೆಂದು ತೀರ್ಮಾನಿಸಬಹುದು. ನಿರ್ಣಯದ ಮುಂಚೂಣಿಯಲ್ಲಿದ್ದದ್ದು ರಿಪಬ್ಲಿಕನ್ನರು. ತಮ್ಮ ರಾಜ್ಯದ ವಿಷಯದಲ್ಲಿ ವಾಷಿಂಗ್ಟನ್, ಅಂದರೆ ಕೇಂದ್ರ ಸರ್ಕಾರ, ಮೂಗು ತೂರಿಸಬಾರದೆಂದು ಪ್ರತಿ ಚುನಾವಣೆಯಲ್ಲೂ ಗುಡುಗುವ ಮಂದಿ! ಹಾಗೆ ಗುಡುಗುವ ಹಕ್ಕು ವಾಷಿಂಗ್ಟನ್ನಿನ ನಿವಾಸಿಗಳಿಗೇ ಇಲ್ಲ.

ಗುಲ್ಲೆದ್ದದ್ದು ಕಾರು ದರೋಡೆಯ ಶಿಕ್ಷೆಯ ಸುತ್ತ. ಹಳೆಯ ಕಾನೂನಿನಲ್ಲಿ ಆಯುಧ ತೋರಿಸಿ ಕಾರು ಕಿತ್ತುಕೊಂಡವನಿಗೆ ಗರಿಷ್ಠ 40 ವರ್ಷ. ಎರಡನೇ ದರ್ಜೆಯ ಕೊಲೆಗೂ ಅಷ್ಟೇ. ಹೊಸದರಲ್ಲಿ ಅದು 24 ವರ್ಷ. ಕಳ್ಳರಿಗೆ ಕೆಂಪು ಹಾಸು ಹಾಸಿದರೆಂದು ಕೂಗೆದ್ದಿತು. 24 ವರ್ಷ ಒಳಗೆ ಕೂತು ಬಂದವನನ್ನು ಯಾರೂ ಈ ಬಗ್ಗೆ ಕೇಳಿದಂತಿಲ್ಲ. ಇನ್ನೂ ಸ್ವಾರಸ್ಯವೆಂದರೆ, ಹೊಸ ಸಂಹಿತೆ ಜಾರಿಯಾಗಬೇಕಿದ್ದದ್ದು 2025ರ ಅಕ್ಟೋಬರಿನಲ್ಲಿ. ಗುಲ್ಲೆದ್ದ ಹೊತ್ತಿಗೆ ಬೀದಿಯಲ್ಲಿ ನಡೆಯುತ್ತಿದ್ದ ದರೋಡೆಗಳೆಲ್ಲ ಆ 40 ವರ್ಷದ ಖಡಕ್ ಕಾನೂನಿನ ಕಣ್ಣೆದುರೇ ನಡೆಯುತ್ತಿದ್ದವು. ಕೊಲೆಯತ್ನದಂಥ ಅಪರಾಧಗಳಿಗೆ ಹೊಸ ಸಂಹಿತೆ ಶಿಕ್ಷೆಯನ್ನು ಹೆಚ್ಚಿಸಿತ್ತು ಕೂಡ. ಮೆದು ಕಾನೂನನ್ನು ಕೊಂದೆವೆಂದು ಬೀಗಿದವರು ಅದನ್ನೂ ಜೊತೆಗೇ ಹೂತರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ನಮ್ಮಲ್ಲಷ್ಟೇ ಇದ್ದಾರೆಂದು ಹೆಮ್ಮೆಪಡಬೇಕಿಲ್ಲ.

ಡೆಮಾಕ್ರಟರು ಅಡ್ಡ ನಿಲ್ಲಬಹುದಿತ್ತು. ಅದೇ ಪಕ್ಷದ ಆಗಿನ ಅಧ್ಯಕ್ಷ ಬೈಡನ್ ಮಾರ್ಚ್ 2ರಂದು, ಡಿ.ಸಿ.ಗೆ ರಾಜ್ಯದ ಸ್ಥಾನ ಸಿಗಬೇಕೆಂಬುದೇ ನನ್ನ ನಿಲುವು, ಆದರೆ ಈ ನಿರ್ಣಯಕ್ಕೆ ಸಹಿ ಹಾಕುತ್ತೇನೆ ಎಂದುಬಿಟ್ಟರು. ಸೊಸೆಯೇ ಮನೆಯ ಯಜಮಾನಿ, ಸಾರಿಗೆ ಉಪ್ಪು ಹಾಕುವಾಗ ಮಾತ್ರ ನನ್ನನ್ನು ಕೇಳಲಿ ಎನ್ನುವ ಅತ್ತೆಯ ಧಾಟಿ. ಗಾಬರಿಗೊಂಡ ಕೌನ್ಸಿಲ್ ಅಧ್ಯಕ್ಷ ಫಿಲ್ ಮೆಂಡಲ್ಸನ್, ಕಾನೂನನ್ನು ವಾಪಸು ಪಡೆದಿದ್ದೇವೆಂದು ಪತ್ರ ಬರೆದರು. ಹಾಗೆಲ್ಲ ವಾಪಸು ಪಡೆಯಲು ಬರುವುದಿಲ್ಲ ಎಂದಿತು ಸೆನೆಟ್. ಊರಿನವರು ಕಾನೂನು ಮಾಡುವಂತಿಲ್ಲ, ಮಾಡಿದ್ದನ್ನು ಬಿಡುವಂತೆಯೂ ಇಲ್ಲ! ಮಾರ್ಚ್ 8ರಂದು ಸೆನೆಟ್ 81-14ರಿಂದ ನಿರ್ಣಯ ಒಪ್ಪಿತು. ಮಾರ್ಚ್ 20ಕ್ಕೆ ಬೈಡನ್ ಸಹಿ. 1991ರ ನಂತರ ಡಿ.ಸಿ.ಯ ಕಾನೂನೊಂದು ಈ ರೀತಿ ರದ್ದಾದದ್ದು ಇದೇ ಮೊದಲು.

ಕಾನೂನನ್ನು ನೇರವಾಗಿ ರದ್ದು ಮಾಡದೆಯೂ ಕೈ ಕಟ್ಟುವ ವಿದ್ಯೆ ಕಾಂಗ್ರೆಸ್ಸಿಗೆ ಗೊತ್ತಿದೆ. 1998ರಲ್ಲಿ ಔಷಧಿಗಾಗಿ ಗಾಂಜಾ ಬಳಸಬಹುದೇ ಎಂದು ಡಿ.ಸಿ.ಯ ಜನ ಮತ ಹಾಕಿದರು. ಫಲಿತಾಂಶ ಏನಾಗುತ್ತದೆಂಬ ಅಂದಾಜಿದ್ದ ಬಾಬ್ ಬಾರ್ ಎಂಬ ಸದಸ್ಯರು, ಇವರೂ ಜಾರ್ಜಿಯಾದವರೇ, ಅದಕ್ಕೆ ಊರು ಒಂದು ಪೈಸೆಯನ್ನೂ ಖರ್ಚು ಮಾಡಕೂಡದೆಂದು ತಿದ್ದುಪಡಿ ತಂದರು. ಮತ ಲೆಕ್ಕ ಹಾಕಲು ಬೇಕಿದ್ದದ್ದು 1 ಡಾಲರ್ 64 ಸೆಂಟ್. ಅಷ್ಟು ದುಡ್ಡಿಗಾಗಿ ಫಲಿತಾಂಶ ಸುಮಾರು ಒಂದು ವರ್ಷ ಗುಟ್ಟಾಗಿ ಉಳಿಯಿತು. ಕೋರ್ಟು ಆದೇಶ ಕೊಟ್ಟ ಮೇಲೆ ನೋಡಿದರೆ ಶೇ. 69 ಮಂದಿ ಹೌದೆಂದಿದ್ದರು. ಕಾಂಗ್ರೆಸ್ ಮತ್ತೆ ತಡೆಯಿತು, 2009ರವರೆಗೂ ತಡೆಯಿತು.

ಈ ನಡುವೆ ಬಾರ್ ಅವರು ಕಾಂಗ್ರೆಸ್ಸಿನಿಂದ ಹೊರಬಿದ್ದಿದ್ದರು. 2007ರಲ್ಲಿ ಗಾಂಜಾ ಪರ ಸಂಘಟನೆಯೊಂದರ ಲಾಬಿದಾರರಾಗಿ, ತಾವೇ ತಂದ ತಿದ್ದುಪಡಿಯನ್ನು ಕಿತ್ತುಹಾಕಿ ಎಂದು ಅದೇ ಕಾಂಗ್ರೆಸ್ಸಿನ ಬಾಗಿಲು ತಟ್ಟಿದರು. ಜ್ಞಾನೋದಯಕ್ಕೆ ಒಂಬತ್ತು ವರ್ಷ ಹಿಡಿಯಿತು. ಅದೇ ಲೆಕ್ಕದಲ್ಲಿ 2023ರ ಆ 81 ಸೆನೆಟರ್‌ಗಳ ಸರದಿ 2032ಕ್ಕೆ.