ಉತ್ತರ ಆಚೆಮನೆಯಲ್ಲಿ ಉಂಟು

80 ಪ್ರಶ್ನೆ ಮುಗಿಯಿತು ಎಂದು ಮಗು ಪೆನ್ನು ಕೆಳಗಿಟ್ಟಿದೆ. ವೃತ್ತ ತುಂಬಿ ಉತ್ತರ ಹೇಳುವ, ಯಂತ್ರ ಓದುವ ಓಎಂಆರ್ ಹಾಳೆಯಲ್ಲಿ ಮಾತ್ರ ಕೊನೆಯ ಸಾಲು ಖಾಲಿ! ನವೋದಯ ಶಾಲೆಯ ಆರನೆಯ ತರಗತಿಯ ಪ್ರವೇಶ ಪರೀಕ್ಷೆಗೆ ಮಕ್ಕಳನ್ನು ಮನೆಯಲ್ಲೇ ಕೂರಿಸಿ ತಯಾರು ಮಾಡುವವರಿಗೆ ಈ ಖಾಲಿ ಸಾಲು ಕಂಡರೆ ಹೊಟ್ಟೆಯೊಳಗೆ ಏನೋ ಆಗುತ್ತದೆ. 17ನೆಯದನ್ನು 'ಮತ್ತೆ ಮಾಡುವ' ಎಂದು ಬಿಟ್ಟದ್ದು, 18ರ ಉತ್ತರ 17ರ ಸಾಲಿಗೆ ಹತ್ತಿದ್ದು, ಅಲ್ಲಿಂದ ಇಡೀ ಮೆರವಣಿಗೆಯೇ ಹೆಜ್ಜೆ ತಪ್ಪಿದ್ದು. ಕೇಳಿದರೆ, "ಉತ್ತರ ಎಲ್ಲ ಸರಿ ಉಂಟಮ್ಮ, ಆಚೆಮನೆಯಲ್ಲಿ ಉಂಟು ಅಷ್ಟೆ."

ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಒಂದಕ್ಕೆ ಒಂದೂಕಾಲು ಅಂಕ, ಒಂದೂವರೆ ನಿಮಿಷ. ಲೆಕ್ಕ ಸುಲಭ. ಆದರೆ ನಮ್ಮ ಮನೆಗಳಲ್ಲಿ ಎರಡು ಗಂಟೆ ಯಾರೂ ಕರೆಯದೆ ಕೂರುವುದೆಂದರೆ! ಕುಕ್ಕರು ಕೂಗುತ್ತದೆ, ಮೀನಿನವನು ಹಾರ್ನ್ ಹೊಡೆಯುತ್ತಾನೆ, ಅಜ್ಜಿಗೆ ಕನ್ನಡಕ ಸಿಗುವುದಿಲ್ಲ.

ವೃತ್ತ ತುಂಬುವ ವಿದ್ಯೆ ಇನ್ನೊಂದು. ವರ್ಷವಿಡೀ ಪೆನ್ಸಿಲು, ರಬ್ಬರು ಹಿಡಿದ ಕೈಗೆ ಒಮ್ಮೆಲೇ ಬಾಲ್ ಪೆನ್ನು. ಅಳಿಸುವ ಹಾಗಿಲ್ಲ, ಬಿಳಿ ಬಳಿಯುವ ಹಾಗಿಲ್ಲ. ಮೊದಲ ವಾರ ವೃತ್ತ ತುಂಬುವ ಬದಲು ಅದರೊಳಗೆ ಸರಿ ಗುರುತು (✓) ಬೀಳುತ್ತದೆ. ಎರಡನೆಯ ವಾರ ವೃತ್ತದ ಸುತ್ತ ಇನ್ನೊಂದು ವೃತ್ತ. ಆಮೇಲೆ ಸೂರ್ಯ, ಚೆಂಡು, ಕಣ್ಣು ಮೂಗು ಬಾಯಿ. ಒಂದು ಹಾಳೆಯಲ್ಲಂತೂ ಬಿ ಅರ್ಧ ಕಪ್ಪು, ಸಿ ಅರ್ಧ ಕಪ್ಪು.

"ಇದೆಂತದು?"

"ಎರಡೂ ಅರ್ಧರ್ಧ ಸರಿ ಅಂತ ಕಂಡಿತು."

ಎರಡು ಕಡೆ ಕಪ್ಪು ಕಂಡರೆ ಯಂತ್ರ ಅಂಕ ಕೊಡುವುದಿಲ್ಲ, ಅದಕ್ಕೆ ಸಂಶಯದ ಲಾಭ ಗೊತ್ತಿಲ್ಲ ಎಂದು ಹತ್ತು ವರ್ಷದ ಜೀವಕ್ಕೆ ಹೇಗೆ ಹೇಳುವುದು? ಜೆಲ್ ಪೆನ್ನು ಕೊಟ್ಟಿರೋ, ಕರಾವಳಿಯ ಬೆವರಿಗೆ ಶಾಯಿ ಅಂಗೈಗೆ ಹತ್ತಿ, ಅಲ್ಲಿಂದ ಪಕ್ಕದ ವೃತ್ತಕ್ಕೆ. ಹಾಳೆಯನ್ನು ಹತ್ತಿಪ್ಪತ್ತು ಜೆರಾಕ್ಸ್ ಮಾಡಿಸಿ. ಎಡಗೈಯ ತೋರುಬೆರಳು ಯಾವಾಗಲೂ ಉತ್ತರದ ಹಾಳೆಯ ಸಂಖ್ಯೆಯ ಮೇಲೆಯೇ ಇರಲಿ. ಪ್ರತಿ ಐದಕ್ಕೊಮ್ಮೆ ಎರಡೂ ಕಡೆಯ ಸಂಖ್ಯೆ ಒಂದೇ ಉಂಟಾ ಎಂದು ನೋಡಲಿ. ಬಿಟ್ಟ ಪ್ರಶ್ನೆಗೆ ಗುರುತು ಪ್ರಶ್ನೆಪುಸ್ತಕದಲ್ಲಿ, ಹಾಳೆಯಲ್ಲಿ ಅಲ್ಲ.

ನೂರರಲ್ಲಿ ಅರ್ಧದಷ್ಟು ಅಂಕ ಇರುವುದು ಆಕೃತಿಗಳ ಪ್ರಶ್ನೆಗಳಿಗೆ: 40 ಪ್ರಶ್ನೆ, 50 ಅಂಕ. ಗುಂಪಿಗೆ ಸೇರದ್ದನ್ನು ಹುಡುಕುವಲ್ಲಿ ಹೆಚ್ಚಾಗಿ ಮೂರು ಚಿತ್ರ ಬರೀ ತಿರುಗಿರುತ್ತವೆ, ಒಂದು ಮಗುಚಿರುತ್ತದೆ. ಬಾಯಲ್ಲಿ ಎಷ್ಟು ಹೇಳಿದರೂ ತಲೆಗೆ ಇಳಿಯದು. ಕಾವಲಿಯ ಹತ್ತಿರ ಕರೆದುಕೊಂಡು ಹೋಗಬೇಕು. ಉದ್ದಿನ ದೋಸೆಯನ್ನು ಕಾವಲಿಯ ಮೇಲೆಯೇ ಸುತ್ತ ತಿರುಗಿಸಿದರೆ ಅದೇ ಮುಖ, ಮಗುಚಿ ಹಾಕಿದರೆ ಬೇರೆ ಮುಖ. ನೀರುದೋಸೆಯಲ್ಲಿ ಈ ಪಾಠ ಆಗದು, ಅದನ್ನು ಮಗುಚುವುದೇ ಇಲ್ಲ. ಕಾಗದ ಮಡಚಿ ತೂತು ಮಾಡುವ ಪ್ರಶ್ನೆಗೆ ಹಳೆಯ ಪತ್ರಿಕೆ ಸಾಕು. ರೇಷನ್ ಕಾರ್ಡು ಮಾತ್ರ ಎತ್ತರದಲ್ಲಿಡಿ.

ಕನ್ನಡದ ಗದ್ಯಭಾಗದಲ್ಲಿ ಬೇರೆಯೇ ತಕರಾರು. ಕೇರಳಕ್ಕೆ ಮಳೆಗಾಲ ಜೂನ್ 1ರ ಹೊತ್ತಿಗೆ ಬರುತ್ತದೆ ಎಂದು ಅಲ್ಲಿ ಬರೆದಿದ್ದರೆ ಉತ್ತರ ಅದೇ. "ಈ ಸಲ ಮೇಯಲ್ಲೇ ಬಂತಲ್ಲ, ಒಣಗಲು ಹಾಕಿದ್ದು ಚಂಡಿ ಆಯಿತಲ್ಲ" ಎಂದು ಮಗು ವಾದಿಸುತ್ತದೆ. ಅಂಗಳದಲ್ಲಿ ಕಂಡದ್ದನ್ನು ಮರೆತು ಕಾಗದದಲ್ಲಿ ಇದ್ದದ್ದನ್ನೇ ಹೇಳು ಎಂದು ಕಲಿಸುವಾಗ ನಮ್ಮ ಸ್ವರವೇ ಸ್ವಲ್ಪ ಸಣ್ಣದಾಗುತ್ತದೆ.

ಇಷ್ಟರಲ್ಲಿ ಮಾವ ಬರುತ್ತಾರೆ. ಪ್ರತಿ ಮನೆಗೂ ಒಬ್ಬರು ಇದ್ದಾರೆ, ಗಡಿಯಾರ ಇಟ್ಟು ಹತ್ತು ನಿಮಿಷವಾದ ಮೇಲೆಯೇ ಬರುವವರು. ಚಾ ಕೈಗೆ ಬರುವ ಮೊದಲೇ ಉಪದೇಶ: "ಗೊತ್ತಿಲ್ಲದ್ದಕ್ಕೆಲ್ಲ ಸಿ ಹಾಕು. ಪ್ರಶ್ನೆ ಮಾಡುವವರು ಉತ್ತರವನ್ನು ಮಧ್ಯದಲ್ಲಿ ಅಡಗಿಸುವುದು." ಬಿ ಕೂಡ ಮಧ್ಯದಲ್ಲೇ ಅಲ್ಲವಾ ಎಂದರೆ, "ಅದು ಎಲ್ಲರಿಗೂ ಗೊತ್ತಾಗ್ತದೆ." ತಪ್ಪಿಗೆ ಅಂಕ ಕಡಿತ ಇಲ್ಲ, ಹಾಗಾಗಿ ಖಾಲಿ ಬಿಡಬಾರದು ಎಂಬಷ್ಟು ಮಾತ್ರ ಅವರ ಮಾತಿನಲ್ಲಿ ಸತ್ಯ. ಖಂಡಿತ ಅಲ್ಲದ ಎರಡನ್ನು ಮೊದಲು ಹೊಡೆದುಹಾಕಿ, ಉಳಿದ ಎರಡರಲ್ಲಿ ಒಂದನ್ನು ಆರಿಸು ಎಂದು ನಾವು ತಿಂಗಳಿಡೀ ಹೇಳಿದ್ದನ್ನು ಅವರ ಒಂದು ಸಿ ನುಂಗಿಹಾಕುತ್ತದೆ.

ಅಭ್ಯಾಸ ಮುಗಿಸಿದ ಅದೇ ಮಗು ಅಂಗಳದಲ್ಲಿ ಅಡಿಕೆ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದೆ. ಚಾಲಿಯ, ಅಂದರೆ ಒಣಗಿಸಿ ಸುಲಿದ ಅಡಿಕೆಯ, ನಡುವಿನಿಂದ ಕೆಳದರ್ಜೆಯ ಪಠೋರ ಒಂದು ಕಡೆಗೆ, ಕರಿಗೋಟು ಇನ್ನೊಂದು ಕಡೆಗೆ. ಕಣ್ಣು ಅಡಿಕೆಯ ಮೇಲೆ, ಬಾಯಿ ಹಾಡಿನ ಮೇಲೆ. ಗುಂಪಿಗೆ ಸೇರದ್ದು ಯಾವುದೆಂದು ಯಾರೂ ಕೇಳಿಲ್ಲ. ಒಂದೂ ತಪ್ಪಿಲ್ಲ.

ಒಳಗೆ ಮಾವ ಹಾಳೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಾರೆ.

"ಇದೆಂತ, 80 ಖಾಲಿ ಬಿಟ್ಟದ್ದು? ಸಿ ಹಾಕು ಮಾರಾಯ!"