ಬಿತ್ತಲಾಗದ ಹೊಲವನ್ನೂ ಹಾನಿಯ ಪಟ್ಟಿಗೆ ಸೇರಿಸಿ

"ಬೆಳೆ ಹಾಳಾದರೆ ಪರಿಹಾರ ಕೊಡಲಿ, ಬೀಜವನ್ನೇ ಹಾಕದವನಿಗೆ ಎಂಥ ಹಾನಿ?" ಎಂದು ಕೇಳುವವರು ಕಚೇರಿಗಳಲ್ಲಿ ಮಾತ್ರ ಇಲ್ಲ. ಹುಬ್ಬಳ್ಳಿಯಲ್ಲಿ ನೌಕರಿ ಮಾಡಿಕೊಂಡು, ಊರಿನ ಹೊಲವನ್ನು ಲಾವಣಿಗೆ (ಗುತ್ತಿಗೆಗೆ) ಹಾಕಿರುವ ನನ್ನ ಗೆಳೆಯರೂ ಇದನ್ನೇ ಕೇಳುತ್ತಾರೆ. ನವಲಗುಂದ ತಾಲ್ಲೂಕಿನ ಎರೆ (ಕಪ್ಪು ಮಣ್ಣಿನ) ಹೊಲದ ಅನ್ನ ಉಂಡು ಬೆಳೆದ ನಾನು ಈ ಮಾತಿಗೆ ಸುಮ್ಮನಿರಲಾರೆ.

ಎರೆ ಮಣ್ಣು ನೀರನ್ನು ಬೇಗ ಬಿಡುವುದಿಲ್ಲ. ನಾಲ್ಕು ದಿನ ಜಿಟಿಜಿಟಿ ಮಳೆ ಹಿಡಿದರೆ ಹೊಲದೊಳಗೆ ಕಾಲಿಟ್ಟ ಕೂಡಲೇ ಮೀನಖಂಡದವರೆಗೆ ಹೂತುಹೋಗುತ್ತದೆ. ಕಿತ್ತ ಕಾಲಿಗೆ ಸೇರುಗಟ್ಟಲೆ ಮಣ್ಣು ಮೆತ್ತಿಕೊಂಡಿರುತ್ತದೆ. ಕೂರಿಗೆ ಹೂಡಿದರೆ ತಾಳುಗಳಿಗೆ ಮಣ್ಣು ತುಂಬಿ ಬೀಜ ಕೆಳಗಿಳಿಯುವುದಿಲ್ಲ, ಟ್ರ್ಯಾಕ್ಟರ್ ಇಳಿಸಿದರೆ ಅದನ್ನು ಎಳೆಯಲು ಇನ್ನೊಂದು ಟ್ರ್ಯಾಕ್ಟರ್ ಬೇಕು. ಮಳೆ ನಿಂತು ಹದ ಬರುವ ಹೊತ್ತಿಗೆ ಹೆಸರುಕಾಳು ಬಿತ್ತುವ ಕಾಲ ದಾಟಿರುತ್ತದೆ. ಹಟ ಹಿಡಿದು ತಡವಾಗಿ ಬಿತ್ತಿದರೆ ಅದರ ಹಿಂದೆಯೇ ಬರಬೇಕಾದ ಹಿಂಗಾರಿ ಕಡಲೆ, ಬಿಳಿಜೋಳಕ್ಕೆ ಹೊಲ ತೆರವಾಗುವುದಿಲ್ಲ. ಆದ್ದರಿಂದ ತಿಳಿದವರು ಮುಂಗಾರಿಯನ್ನು ಬಿಟ್ಟುಕೊಡುತ್ತಾರೆ. ಸೋಮಾರಿತನಕ್ಕೆ ಬಿಟ್ಟ ಹೊಲವಲ್ಲ ಅದು, ಲೆಕ್ಕ ಹಾಕಿ, ಸಂಕಟಪಟ್ಟು ಬಿಟ್ಟದ್ದು.

ಅಷ್ಟರಲ್ಲಿ ಖರ್ಚು ಆಗಿಯೇ ಹೋಗಿರುತ್ತದೆ. ಬೇಸಿಗೆಯಲ್ಲಿ ರೆಂಟೆ ಹೊಡೆಸಿದ್ದು, ಹರಗಿಸಿದ್ದು, ಗೊಬ್ಬರ ಹೇರಿಸಿದ್ದು, ಬೀಜ ತಂದದ್ದು, ಲಾವಣಿಯ ಮುಂಗಡ, ಸೊಸೈಟಿಯ ಸಾಲ. ಬಿತ್ತನೆಗೆ ಮೊದಲೇ ರೈತನ ಕಿಸೆ ಅರ್ಧ ಖಾಲಿ.

ಈಗ ನಿಯಮ ಏನು ಹೇಳುತ್ತದೆ ನೋಡಿ. ರಾಜ್ಯ ವಿಪತ್ತು ಪರಿಹಾರ ನಿಧಿಯಿಂದ ಕೊಡುವ ಇನ್‌ಪುಟ್ ಸಬ್ಸಿಡಿಗೆ (ಬೀಜ, ಗೊಬ್ಬರದಂಥ ಖರ್ಚಿಗೆ ಕೊಡುವ ನೆರವಿಗೆ) ಬೆಳೆ ಹಾನಿ ಕನಿಷ್ಠ 33% ಇರಬೇಕು. 2015ಕ್ಕೆ ಮೊದಲು ಇದು 50% ಇತ್ತು, ಇಳಿಸಿದ್ದು ಒಳ್ಳೆಯದೇ ಆಯಿತು. 2022ರಿಂದ 2026ರ ಅವಧಿಗೆ ಕೇಂದ್ರ ನಿಗದಿ ಮಾಡಿದ ದರ ಮಳೆಯಾಶ್ರಿತ ಹೊಲಕ್ಕೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500. ಅದೂ ಗರಿಷ್ಠ ಎರಡು ಹೆಕ್ಟೇರಿಗೆ. ಮಳೆಯಾಶ್ರಿತ ಹೊಲದ ಲೆಕ್ಕ ಹಾಕಿದರೆ ಎಕರೆಗೆ 3,440 ರೂಪಾಯಿಯ ಆಸುಪಾಸು. ಮೊತ್ತದ ಬಗ್ಗೆ ಎಲ್ಲರೂ ಮಾತನಾಡುತ್ತಾರೆ. 2021ರಲ್ಲಿ ಬೊಮ್ಮಾಯಿ ಸರ್ಕಾರ, 2025ರಲ್ಲಿ ಸಿದ್ದರಾಮಯ್ಯ ಸರ್ಕಾರ ತಮ್ಮ ಪಾಲು ಸೇರಿಸಿ ಹೆಚ್ಚಿಸಿದ್ದೂ ಆಯಿತು. ಆದರೆ ಅದೇ ನಿಯಮದಲ್ಲಿರುವ ಇನ್ನೊಂದು ಷರತ್ತಿನ ಬಗ್ಗೆ ಯಾರೂ ತುಟಿ ಬಿಚ್ಚುವುದಿಲ್ಲ: ಈ ನೆರವು ಬಿತ್ತನೆಯಾದ ಕ್ಷೇತ್ರಕ್ಕೆ ಮಾತ್ರ ಸೀಮಿತ. ದರ ಎಷ್ಟೇ ಏರಲಿ, ಬಿತ್ತಲಾಗದವನಿಗೆ ಸಿಗುವುದು ಸೊನ್ನೆಯೇ.

ಹಾಗಾದರೆ ವಿಮೆ ಇದೆಯಲ್ಲ ಎನ್ನುತ್ತೀರಿ. ಇದೆ. 2016ರ ಮುಂಗಾರಿನಿಂದ ಜಾರಿಯಲ್ಲಿರುವ ಫಸಲ್ ಬಿಮಾ ಯೋಜನೆಯಲ್ಲಿ ಬಿತ್ತನೆಗೆ ಅಡ್ಡಿಯಾದರೆ ವಿಮಾ ಮೊತ್ತದ 25% ಕೊಡುವ ಅವಕಾಶವಿದೆ, ಕೊಟ್ಟ ಮೇಲೆ ಆ ಹಂಗಾಮಿನ ಪಾಲಿಸಿ ಅಲ್ಲಿಗೇ ಮುಗಿಯುತ್ತದೆ. ತೊಡಕಿರುವುದು ಅರ್ಹತೆಯಲ್ಲಿ. ನನ್ನ ಹೊಲ ಬಿತ್ತದೇ ಉಳಿದರೆ ಸಾಲದು, ಇಡೀ ವಿಮಾ ಘಟಕದ 75%ಕ್ಕಿಂತ ಹೆಚ್ಚು ಕ್ಷೇತ್ರ ಬಿತ್ತದೇ ಉಳಿಯಬೇಕು. ಘಟಕವೆಂದರೆ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿ, ಉಳಿದವುಗಳಿಗೆ ಹೋಬಳಿ.

ನಮ್ಮ ಸೀಮೆಯ ನೆಲ ಬಲ್ಲವರು ಯಾರಾದರೂ ಹೀಗೆ ನಿಯಮ ಬರೆದಾರೆಯೇ? ಒಂದೇ ಪಂಚಾಯಿತಿಯೊಳಗೆ ದಿಬ್ಬದ ಕಡೆ ಮಸಾರಿ (ಕೆಂಪು ಮಣ್ಣು), ಹಳ್ಳದ ಕಡೆ ಎರೆ ಇರುವ ಊರುಗಳು ಕುಂದಗೋಳ, ಶಿಗ್ಗಾವಿ, ಲಕ್ಷ್ಮೇಶ್ವರದ ಸುತ್ತ ಬೇಕಾದಷ್ಟಿವೆ. ಅದೇ ಮಳೆಗೆ ಮಸಾರಿ ಬಸಿದು ಎರಡು ದಿನಕ್ಕೆ ಹದಕ್ಕೆ ಬರುತ್ತದೆ, ಅಲ್ಲಿ ಬಿತ್ತನೆಯಾಗುತ್ತದೆ. ಎರೆ ಹೊಲ ಹಾಗೇ ಬೀಳುತ್ತದೆ. ಪಂಚಾಯಿತಿಯ ಅರ್ಧದಷ್ಟು ಹೊಲ ಬಿತ್ತಿದ್ದಾಗಿದೆ, ಆದ್ದರಿಂದ ಬಿತ್ತಲಾಗದ ಉಳಿದರ್ಧಕ್ಕೆ ಏನೂ ಇಲ್ಲ! ದಿಬ್ಬದ ಮೇಲಿನವನು ಬಿತ್ತಿದ್ದಕ್ಕೆ ಹಳ್ಳದ ದಂಡೆಯವನು ಅರ್ಹತೆ ಕಳೆದುಕೊಳ್ಳುವುದು ಯಾವ ನ್ಯಾಯ?

ಕಳೆದ ಸಲ ನಮ್ಮ ತಮ್ಮನಿಗೆ ಆದದ್ದು ಇದೇ. ಹೆಸರುಕಾಳಿನ ಬೆಳೆಗೆ ವಿಮೆ ಕಟ್ಟಿದ್ದ, ಮಳೆ ಬಿಡಲಿಲ್ಲ, ಬಿತ್ತಲಿಲ್ಲ. ಬೆಳೆ ಸಮೀಕ್ಷೆಗೆ ಬಂದ ಹುಡುಗ ಹೊಲದಲ್ಲಿ ನಿಂತು ಮೊಬೈಲಿನಲ್ಲಿ ಫೋಟೊ ತೆಗೆದು, ಬೀಳು ಎಂದು ನಮೂದಿಸಿ ಹೋದ. ಆ ಹುಡುಗನ ತಪ್ಪಲ್ಲ, ಕಂಡದ್ದನ್ನು ದಾಖಲಿಸಿದ. ಹೊಲ ಏಕೆ ಬಿತ್ತಿಲ್ಲ ಎಂದು ಬರೆಯುವ ಜಾಗ ಅವನಿಗೆ ಸಿಗಲಿಲ್ಲ. ವಿಮೆಯಲ್ಲಿರುವ ಬೆಳೆ ಸಮೀಕ್ಷೆಯಲ್ಲಿ ಕಾಣದಿದ್ದರೆ ಪರಿಹಾರದ ಅರ್ಜಿ ಊರ್ಜಿತವಾಗುವುದಿಲ್ಲ.

ಇದಕ್ಕೆ ಎದುರಾಗಿ ಬರುವ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಬೀಳು ಬಿಟ್ಟ ಹೊಲಕ್ಕೂ ಹಣ ಎಂದರೆ ಹುಬ್ಬಳ್ಳಿ–ಧಾರವಾಡದ ಸುತ್ತ ಲೇಔಟಿಗೆಂದು ಜಮೀನು ಕೊಂಡು ಬೇಲಿ ಹಾಕಿಟ್ಟವರೂ ಸರದಿಯಲ್ಲಿ ನಿಲ್ಲುತ್ತಾರೆ. ನಿಲ್ಲುತ್ತಾರೆ, ನಿಜ. ಅವರನ್ನು ಬೇರ್ಪಡಿಸುವ ದಾರಿ ಇದೆ. ಅಮೆರಿಕದ ಬೆಳೆ ವಿಮೆಯಲ್ಲಿ ಬಿತ್ತಲಾಗದ ಹೊಲಕ್ಕೆ ಪರಿಹಾರ ಪಡೆಯಬೇಕಾದರೆ ಹಿಂದಿನ ನಾಲ್ಕು ವರ್ಷಗಳಲ್ಲಿ ಒಮ್ಮೆಯಾದರೂ ಆ ಹೊಲ ಬಿತ್ತಿ, ವಿಮೆ ಮಾಡಿಸಿ, ಕೊಯ್ಲು ಮಾಡಿರಬೇಕು. ಅಲ್ಲಿ ಮೆಕ್ಕೆಜೋಳಕ್ಕೆ ಖಾತರಿ ಮೊತ್ತದ 55%, ಸೋಯಾಬೀನ್‌ಗೆ 60% ಮೂಲ ರಕ್ಷಣೆ, ಲೆಕ್ಕ ಆಯಾ ರೈತನ ಹೊಲದ್ದು. ಕನಿಷ್ಠ 20 ಎಕರೆ ಅಥವಾ ವಿಮೆ ಮಾಡಿಸಿದ ಹೊಲದ 20% ಬಿತ್ತದೇ ಉಳಿದಿರಬೇಕು ಎಂಬ ಅವರ ಮಿತಿ ನಮ್ಮ ಎರಡೆಕರೆ, ಮೂರೆಕರೆಯವರಿಗೆ ಹೊಂದುವುದಿಲ್ಲ, ಅದನ್ನು ತರಬೇಕಿಲ್ಲ. ಹಿಂದೆ ಬೆಳೆದಿದ್ದಾನೆಯೇ ಎಂಬ ಪರೀಕ್ಷೆಯನ್ನಂತೂ ನಾವು ಇಂದೇ ಮಾಡಬಹುದು. ಪ್ರತಿ ಹಂಗಾಮಿನ ಸಮೀಕ್ಷೆ ಸರ್ವೆ ನಂಬರಿನ ಸಮೇತ ಸರ್ಕಾರದ ಬಳಿಯೇ ಇದೆ. ಪಂಚಾಯಿತಿ ಮಟ್ಟದ ಮಳೆ ಮಾಪನ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಲ್ಲಿದೆ. ರೈತ ಸಂಪರ್ಕ ಕೇಂದ್ರದಲ್ಲಿ ಬೀಜ ಒಯ್ದ ದಾಖಲೆ ಇದೆ. ಈ ಮೂರನ್ನೂ ಜೋಡಿಸಿದರೆ ಯಾರು ಒಕ್ಕಲುತನ ಮಾಡುವವರು, ಯಾರು ಬೇಲಿ ಹಾಕಿಟ್ಟವರು ಎಂಬುದು ತಾನಾಗಿಯೇ ಬಯಲಾಗುತ್ತದೆ.

ಪರಿಹಾರದ ಹೊತ್ತಿಗೆ ಕಾಣದ ಬೆಳೆ ಇಲ್ಲದ ಹೊಲ, ವಸೂಲಿಯ ವಿಷಯ ಬಂದಾಗ ಸರ್ಕಾರಕ್ಕೆ ಕಾಣುವುದು ನಮ್ಮ ಭಾಗದವರಿಗೆ ಹೊಸದಲ್ಲ. 1980ರಲ್ಲಿ ನರಗುಂದ, ನವಲಗುಂದದ ರೈತರು ಬೀದಿಗಿಳಿದದ್ದು ಮಲಪ್ರಭೆಯ ನೀರು ಸರಿಯಾಗಿ ತಲುಪದ ಹೊಲಕ್ಕೂ ಅಭಿವೃದ್ಧಿ ಕರ ಕಟ್ಟಿ ಎಂದದ್ದಕ್ಕೆ.

ಕೊಚ್ಚಿಹೋದ ಹೊಲದ ಕಥೆಯೂ ಇಷ್ಟೇ. ವಿಪತ್ತು ನಿಧಿಯ 2022–26ರ ಅದೇ ನಿಯಮದಂತೆ ಸಣ್ಣ ಮತ್ತು ಅತಿಸಣ್ಣ ರೈತರಿಗೆ, ಮೂರು ಇಂಚಿಗಿಂತ ದಪ್ಪ ಹೂಳು ತುಂಬಿದ್ದರೆ ತೆಗೆಸಲು ಹೆಕ್ಟೇರಿಗೆ 18,000 ರೂಪಾಯಿ, ಭೂಕುಸಿತ, ಹಿಮಕುಸಿತ ಅಥವಾ ನದಿ ಪಾತ್ರ ಬದಲಾಗಿ ಜಮೀನೇ ಹೋಗಿದ್ದರೆ 47,000. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಮತ್ತು ಬೆಣ್ಣೆಹಳ್ಳ ಒಟ್ಟಿಗೆ ಉಕ್ಕಿದಾಗ ಕೊಣ್ಣೂರು, ಲಖಮಾಪುರದ ಕಡೆ ಏನಾಯಿತೆಂದು ನೋಡಿದವರಿಗೆ ನೆನಪಿದೆ. ಬೆಣ್ಣೆಹಳ್ಳ ಉಕ್ಕಿದಾಗ ತನ್ನ ಪಾತ್ರ ಬದಲಿಸಬೇಕೆಂದೇನೂ ಇಲ್ಲ. ಒಡ್ಡು ಒಡೆದು, ಮೊಣಕಾಲೆತ್ತರದ ಮೇಲ್ಮಣ್ಣು ಎಳೆದುಕೊಂಡು, ಕೊರಕಲು ಬಿಟ್ಟು ಮತ್ತೆ ತನ್ನ ಪಾತ್ರಕ್ಕೇ ಇಳಿಯುತ್ತದೆ. ಹೂಳು ತುಂಬಿಲ್ಲ, ನದಿಯೂ ದಾರಿ ಬದಲಿಸಿಲ್ಲ. ಅಲ್ಲಿಗೆ ಆ ರೈತ ಯಾವ ಕಾಲಂನಲ್ಲೂ ಇಲ್ಲ. ಮೇಲ್ಮಣ್ಣು ಹೋದ ಹೊಲ ಮತ್ತೆ ಬೆಳೆಗೆ ಬರಲು ವರ್ಷಗಳೇ ಬೇಕು. ಲಾವಣಿಗೆ ಮಾಡಿದವನದ್ದಂತೂ ಕೇಳಲೇಬೇಡಿ, ಪರಿಹಾರ ಬಂದರೂ ಅದು ಉತಾರದಲ್ಲಿ (ಪಹಣಿಯಲ್ಲಿ) ಹೆಸರಿದ್ದವರ ಖಾತೆಗೆ ಹೋಗುತ್ತದೆ.

ಹಣಕಾಸು ಆಯೋಗದ ಅವಧಿ ಬದಲಾದಂತೆ ಈ ನಿಯಮಗಳ ಪರಿಷ್ಕರಣೆಯೂ ಆಗುತ್ತದೆ. ನಮ್ಮ ಸಂಸದರು, ಶಾಸಕರು ದರ ಹೆಚ್ಚಿಸಿ ಎಂದಷ್ಟೇ ಕೇಳಿ ಕೈತೊಳೆದುಕೊಳ್ಳಬಾರದು. ಬಿತ್ತನೆಯಾದ ಕ್ಷೇತ್ರಕ್ಕೆ ಮಾತ್ರ ಎಂಬ ಷರತ್ತನ್ನು ತೆಗೆಯಿಸಿ. ವಿಮೆಯಲ್ಲಿ ಬಿತ್ತಲಾಗದ ಹೊಲವನ್ನು ಸರ್ವೆ ನಂಬರಿನ ಮಟ್ಟದಲ್ಲಿ ಪರಿಗಣಿಸಲು ಹೇಳಿ. ಆಲಿಕಲ್ಲು ಬಿದ್ದಾಗ ಒಬ್ಬೊಬ್ಬನ ಹೊಲ ನೋಡಲು ಬರುವವರಿಗೆ ನೀರು ನಿಂತು ಬಿತ್ತಲಾಗದ ಹೊಲ ನೋಡಲು ಏನಡ್ಡಿ? ಸಮೀಕ್ಷೆಯ ಆ್ಯಪ್‌ನಲ್ಲಿ ಬಿತ್ತದಿರಲು ಕಾರಣವೇನು ಎಂಬ ಒಂದು ಪ್ರಶ್ನೆ ಸೇರಿಸುವುದಕ್ಕಂತೂ ದೆಹಲಿಯ ಅಪ್ಪಣೆ ಬೇಕಿಲ್ಲ, ಅದು ಬೆಂಗಳೂರಿನಲ್ಲೇ ಆಗುವ ಕೆಲಸ.

ಅಲ್ಲಿಯವರೆಗೆ, ಬಿತ್ತಲಾಗದೇ ಕುಳಿತ ಅಣ್ಣತಮ್ಮಂದಿರು, ಅಕ್ಕತಂಗಿಯರು ಇಷ್ಟಾದರೂ ಮಾಡಿ. ನೀರು ನಿಂತ ಹೊಲದ ಫೋಟೊವನ್ನು ದಿನಾಂಕ ಮತ್ತು ಸ್ಥಳ ಬರುವಂತೆ ತೆಗೆದಿಟ್ಟುಕೊಳ್ಳಿ. ಬೀಜ, ಗೊಬ್ಬರದ ರಸೀದಿ ಎಸೆಯಬೇಡಿ. ಸಮೀಕ್ಷೆಯಲ್ಲಿ ನಿಮ್ಮ ಹೊಲವನ್ನು ಬೀಳು ಎಂದು ಬರೆದಿದ್ದರೆ ಆಕ್ಷೇಪಣೆ ಸಲ್ಲಿಸಿ. ತಹಶೀಲ್ದಾರರಿಗೆ ಕೊಡುವ ಅರ್ಜಿಯನ್ನು ಒಬ್ಬೊಬ್ಬರೇ ಕೊಡಬೇಡಿ, ಹಳ್ಳದ ದಂಡೆಯವರೆಲ್ಲ ಸೇರಿ ಸರ್ವೆ ನಂಬರಿನ ಸಮೇತ ಕೊಟ್ಟು, ಮುದ್ರೆ ಒತ್ತಿದ ಸ್ವೀಕೃತಿ ಪ್ರತಿ ಕೈಗೆ ಬಂದ ಮೇಲೆಯೇ ಕಚೇರಿಯಿಂದ ಹೊರಡಿ.